ತೂಕ ಕಂಪ್ಯೂಟರಿಗೆ ಬರುತ್ತಿಲ್ಲ

ಪ್ರಶ್ನೆ: ನಮ್ಮದು ಕಾಫಿ, ಕರಿಮೆಣಸು ಖರೀದಿಸುವ ಅಂಗಡಿ. ಹೊಸ ಕಂಪ್ಯೂಟರಿನಲ್ಲಿ ತೂಕದ ಯಂತ್ರದ ಕೇಬಲ್ ಚುಚ್ಚುವ 9 ಪಿನ್ನಿನ ಪೋರ್ಟ್ ಇಲ್ಲದ್ದರಿಂದ ಯುಎಸ್‌ಬಿ ಕನ್ವರ್ಟರ್ ಹಾಕಿದ್ದೇವೆ. ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಕೆಲವು ದಿನ ತೂಕವೇ ಮೂಡುವುದಿಲ್ಲ, ಕೆಲವು ದಿನ ಅರ್ಥವಾಗದ ಚಿಹ್ನೆಗಳು ಬರುತ್ತವೆ. ತೂಕದ ಯಂತ್ರ ಕೆಟ್ಟಿದೆಯೇ?
— ಓದುಗರು, ಗೋಣಿಕೊಪ್ಪ

ಉತ್ತರ: ಚಿಹ್ನೆಗಳಾದರೂ ಬರುತ್ತಿವೆ ಎಂದರೆ ಯಂತ್ರ ಕಳಿಸುತ್ತಿದೆ, ಕೇಬಲ್ಲೂ ಬಹುಮಟ್ಟಿಗೆ ಸರಿಯಿದೆ. ಯಂತ್ರ ರಿಪೇರಿಗೆ ದುಡ್ಡು ಹಾಕಬೇಡಿ. ಮೊದಲು ಅದರ ಕೈಪಿಡಿಯಲ್ಲಿ ಬಾಡ್ ರೇಟ್, ಡೇಟಾ ಬಿಟ್, ಪ್ಯಾರಿಟಿ, ಸ್ಟಾಪ್ ಬಿಟ್ ನೋಡಿಕೊಳ್ಳಿ. ಯಂತ್ರ ಯಾವ ವೇಗದಲ್ಲಿ, ಯಾವ ಕ್ರಮದಲ್ಲಿ ಕಳಿಸುತ್ತದೆ ಎಂಬುದನ್ನು ಇವು ಹೇಳುತ್ತವೆ; ಎರಡೂ ಕಡೆ ಒಂದೇ ಇರದಿದ್ದರೆ ಅರ್ಥವಾಗದ ಚಿಹ್ನೆಗಳು ಬರುತ್ತವೆ. ಸಾಮಾನ್ಯವಾಗಿ 9600, 8, ಪ್ಯಾರಿಟಿ ಇಲ್ಲ, 1 ಎಂದಿರುತ್ತದೆ. 2400 ಇರುವ ಯಂತ್ರಗಳೂ, 7 ಬಿಟ್ ಮತ್ತು ಈವನ್ ಪ್ಯಾರಿಟಿ ಬಳಸುವವೂ ಇವೆ. ಇದೇ ಅಂಕಿಗಳನ್ನು ಬಿಲ್ಲಿಂಗ್ ಸಾಫ್ಟ್‌ವೇರಿನ ಒಳಗೇ ಹಾಕಿ. ವಿಂಡೋಸ್‌ನ ಡಿವೈಸ್ ಮ್ಯಾನೇಜರಿನಲ್ಲಿ ಮಾತ್ರ ಬದಲಿಸಿದರೆ ಸಾಲದು, ಪೋರ್ಟ್ ತೆರೆಯುವಾಗ ಸಾಫ್ಟ್‌ವೇರ್ ಸಾಮಾನ್ಯವಾಗಿ ತನ್ನದೇ ಅಂಕಿ ಹಾಕಿಕೊಳ್ಳುತ್ತದೆ.

ತೂಕವೇ ಮೂಡದ ದಿನ ಕನ್ವರ್ಟರನ್ನು ಬೇರೆ ಯುಎಸ್‌ಬಿ ಕಿಂಡಿಗೆ ಚುಚ್ಚಿದ್ದಿರಾ ನೋಡಿ. ಕಿಂಡಿ ಬದಲಾದರೆ ಅನೇಕ ಕನ್ವರ್ಟರುಗಳ ಕಾಮ್ ಸಂಖ್ಯೆಯೂ (ಸಾಫ್ಟ್‌ವೇರ್ ತೂಕ ಹುಡುಕುವ ಪೋರ್ಟಿನ ಸಂಖ್ಯೆ) ಬದಲಾಗುತ್ತದೆ. ಡಿವೈಸ್ ಮ್ಯಾನೇಜರಿನ ಪೋರ್ಟ್ಸ್ ವಿಭಾಗದಲ್ಲಿ ಕನ್ವರ್ಟರಿನ ಪ್ರಾಪರ್ಟೀಸ್, ಪೋರ್ಟ್ ಸೆಟ್ಟಿಂಗ್ಸ್, ಅಡ್ವಾನ್ಸ್ಡ್‌ಗೆ ಹೋಗಿ ಖಾಲಿಯಿರುವ ಕಾಮ್ 2ನ್ನೋ 3ನ್ನೋ ಕೊಡಿ. ಹಳೆಯ ಸಾಫ್ಟ್‌ವೇರುಗಳು ಕಾಮ್ 9 ದಾಟಿದ ಸಂಖ್ಯೆಯನ್ನು ಗುರುತಿಸದೇ ಇರಬಹುದು. ಅಲ್ಲಿ ಹಳದಿ ಗುರುತು, 'ಕೋಡ್ 10' ಕಂಡರೆ ಡ್ರೈವರ್ (ಕನ್ವರ್ಟರನ್ನು ನಡೆಸುವ ಸಾಫ್ಟ್‌ವೇರ್) ತೊಂದರೆ. ಅನೇಕ ಕನ್ವರ್ಟರುಗಳ ಒಳಗಿರುವ ಪಿಎಲ್2303 ಎಂಬ ಚಿಪ್ಪಿನ ಹಳೆಯ ಹಾಗೂ ನಕಲಿ ಮಾದರಿಗಳನ್ನು ಹೊಸ ಡ್ರೈವರ್ ಒಪ್ಪುವುದಿಲ್ಲ.

ಕನ್ವರ್ಟರಿನ ಮೇಲೇ ಅನುಮಾನವಿದ್ದರೆ ಕೇಬಲ್ ಬಿಚ್ಚಿ, ಕನ್ವರ್ಟರಿನ 2 ಮತ್ತು 3ನೇ ಪಿನ್ನುಗಳನ್ನು ಚಿಕ್ಕ ತಂತಿಯಿಂದ ಜೋಡಿಸಿ. ಪುಟ್ಟಿ (PuTTY) ಸಾಫ್ಟ್‌ವೇರಿನಲ್ಲಿ ಫ್ಲೋ ಕಂಟ್ರೋಲ್ ತೆಗೆದು ಆ ಪೋರ್ಟ್ ತೆರೆದು ಟೈಪ್ ಮಾಡಿ. ಒತ್ತಿದ ಅಕ್ಷರ ತೆರೆಯ ಮೇಲೆ ಮೂಡಿದರೆ ಕನ್ವರ್ಟರ್ ಚೆನ್ನಾಗಿದೆ. ಬಿಲ್ಲಿಂಗ್ ಸಾಫ್ಟ್‌ವೇರ್ ಮುಚ್ಚಿರಲಿ. ಒಂದು ಪೋರ್ಟನ್ನು ಎರಡು ಸಾಫ್ಟ್‌ವೇರುಗಳು ಒಟ್ಟಿಗೆ ತೆರೆಯಲಾಗದು.

ಪ್ರಶ್ನೆ: ಯುಪಿಎಸ್ ಇದ್ದರೂ ಗುಡುಗು ಮಳೆಗೆ ತೂಕದ ಯಂತ್ರದ ಯುಎಸ್‌ಬಿ ಕನ್ವರ್ಟರ್ ಸುಟ್ಟುಹೋಗುತ್ತದೆ. ಯಾಕೆ?
— ಓದುಗರು, ಸೋಮವಾರಪೇಟೆ

ಉತ್ತರ: ಯುಪಿಎಸ್ ಕಾಯುವುದು ಕರೆಂಟಿನ ದಾರಿಯನ್ನು ಮಾತ್ರ. ಗೋದಾಮಿನ ಯಂತ್ರಕ್ಕೂ ಆಫೀಸಿನ ಕಂಪ್ಯೂಟರಿಗೂ ಬೇರೆ ಬೇರೆ ಅರ್ಥಿಂಗ್ ಇದ್ದರೆ, ಹತ್ತಿರದಲ್ಲಿ ಸಿಡಿಲು ಬಿದ್ದಾಗ ಎರಡರ ನಡುವೆ ಏಳುವ ವೋಲ್ಟೇಜು ಕೇಬಲ್ಲಿನ 5ನೇ ಪಿನ್ನಿನ ಗ್ರೌಂಡ್ ತಂತಿಯಲ್ಲೇ ಹರಿಯುತ್ತದೆ. ಎರಡಕ್ಕೂ ಒಂದೇ ಅರ್ಥಿಂಗ್ ಮಾಡಿಸಿ, ಆಪ್ಟಿಕಲ್ ಐಸೊಲೇಶನ್ (ಎರಡೂ ಬದಿಯ ವಿದ್ಯುತ್ ಸಂಪರ್ಕ ಬೇರ್ಪಡಿಸಿ ಬೆಳಕಿನ ಮೂಲಕ ಸಂಕೇತ ದಾಟಿಸುವ ವ್ಯವಸ್ಥೆ) ಇರುವ ಕನ್ವರ್ಟರ್ ಹಾಕಿ. ಕೇಬಲ್ 15 ಮೀಟರ್ ಮೀರುವಂತಿದ್ದರೆ ಹೆಚ್ಚು ದೂರಕ್ಕೆ ಹೊಂದುವ ಆರ್‌ಎಸ್-485 ಸಂಪರ್ಕಕ್ಕೆ ಬದಲಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಮೋಡ ಕವಿದ ಕೂಡಲೇ ಕನ್ವರ್ಟರಿನಿಂದ ಕೇಬಲ್ ಕಿತ್ತಿಡಿ. ನೇರ ಸಿಡಿಲನ್ನು ಐಸೊಲೇಶನ್ ಕೂಡ ತಡೆಯದು.