ವೈದ್ಯರನ್ನು ಕೇಳಿ: ಬಿಡದ ಜ್ವರ, ಸಿಗದ ಕಾರಣ

ಪ್ರಶ್ನೆ: ನನ್ನ ತಾಯಿಗೆ 54 ವರ್ಷ. ಅಡಿಕೆ ತೋಟದ ಕೆಲಸ ಮಾಡುತ್ತಾರೆ, ಕೊಟ್ಟಿಗೆಗೆ ಸೊಪ್ಪು ತರಲು ಕಾಡಂಚಿಗೂ ಹೋಗುತ್ತಾರೆ. ಹತ್ತು ದಿನಗಳಿಂದ ಜ್ವರ, ವಿಪರೀತ ತಲೆನೋವು. ಮೂರನೇ ದಿನ ವೈಡಾಲ್ ಪರೀಕ್ಷೆ ಮಾಡಿಸಿದಾಗ ಟೈಫಾಯಿಡ್ ಎಂದರು. ಐದು ದಿನ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಕೊಟ್ಟರೂ ಜ್ವರ ಇಳಿಯಲಿಲ್ಲ. ಒಂಬತ್ತನೇ ದಿನ ಡೆಂಗಿ ಎನ್‌ಎಸ್‌1 ನೆಗೆಟಿವ್ ಬಂತು, ಪ್ಲೇಟ್‌ಲೆಟ್ 90 ಸಾವಿರ. ಇನ್ನೊಂದು ಕಡೆ ಮಾಡಿಸಿದ ವೈಡಾಲ್ ಕೂಡ ಪಾಸಿಟಿವ್. ಸಾಲ ಮಾಡಿಯಾದರೂ ಬೆಂಗಳೂರಿಗೆ ಕರೆದೊಯ್ಯಬೇಕೇ?
— ತೀರ್ಥಹಳ್ಳಿ ತಾಲ್ಲೂಕಿನ ಓದುಗರು

ಉತ್ತರ: ಪತ್ರಿಕೆ ಅಚ್ಚಾಗುವವರೆಗೆ ಕಾಯುವ ವಿಷಯ ಇದಲ್ಲ. ಆದ್ದರಿಂದ ನಿಮ್ಮ ಪತ್ರ ಸಿಕ್ಕ ದಿನವೇ ಫೋನಿನಲ್ಲಿ ಮಾತನಾಡಿದ್ದೇನೆ. ಇಲ್ಲಿ ಬರೆಯುತ್ತಿರುವುದು ಇಂಥದ್ದೇ ಕಂಗಾಲಿನಲ್ಲಿರುವ ಬೇರೆ ಮನೆಗಳಿಗಾಗಿ.

ಮೊದಲು ವೈಡಾಲ್ ವಿಷಯ. ಇದು 1896ರಷ್ಟು ಹಳೆಯ ಪರೀಕ್ಷೆ. ರಕ್ತದಲ್ಲಿ ಟೈಫಾಯಿಡ್ ರೋಗಾಣು ಇದೆಯೇ ಎಂದು ಅದು ನೋಡುವುದಿಲ್ಲ, ಆ ರೋಗಾಣುವಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು ನೋಡುತ್ತದೆ. ಟೈಫಾಯಿಡ್ ಸಾಮಾನ್ಯವಾಗಿರುವ ನಮ್ಮಂಥ ಕಡೆ ಅನೇಕರ ರಕ್ತದಲ್ಲಿ ಹಿಂದಿನ ಸೋಂಕಿನ ಪ್ರತಿಕಾಯಗಳು ಉಳಿದಿರುತ್ತವೆ. ಬೇರೆ ಜ್ವರ ಬಂದಾಗಲೂ ಅವು ಏರಬಹುದು. ಜ್ವರದ ಮೂರನೇ ದಿನ ಮಾಡಿದ ಒಂದೇ ಒಂದು ವೈಡಾಲ್ ಚೀಟಿಯನ್ನು ನಂಬಿ ರೋಗ ನಿರ್ಧರಿಸುವುದನ್ನು ನಾನು ಒಪ್ಪುವುದಿಲ್ಲ. ಟೈಫಾಯಿಡ್ ಹೌದೋ ಅಲ್ಲವೋ ತಿಳಿಯಬೇಕಿದ್ದರೆ ರಕ್ತದ ಕಲ್ಚರ್ (ರಕ್ತದಲ್ಲಿರುವ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಬೇಕು, ಅದಕ್ಕೆ ಆ್ಯಂಟಿಬಯಾಟಿಕ್ ಶುರು ಮಾಡುವ ಮೊದಲೇ ರಕ್ತ ತೆಗೆಯಬೇಕು. ಕಲ್ಚರ್ ಕೂಡ ಎಲ್ಲವನ್ನೂ ಹಿಡಿಯುವುದಿಲ್ಲ. ಆದರೆ ಅದು ತೋರಿಸಿದ್ದು ಸುಳ್ಳಾಗುವುದು ಅಪರೂಪ.

ಡೆಂಗಿ ಪರೀಕ್ಷೆಯಲ್ಲಿ ಆದದ್ದು ಇನ್ನೊಂದು ಬಗೆಯ ಎಡವಟ್ಟು. ಎನ್‌ಎಸ್‌1 ವೈರಾಣುವಿನದೇ ಒಂದು ಪ್ರೋಟೀನನ್ನು ಹುಡುಕುವ, ಜ್ವರದ ಮೊದಲ ಐದು ದಿನಗಳ ಪರೀಕ್ಷೆ. ಆಮೇಲೆ ಕೇಳಬೇಕಾದದ್ದು ಐಜಿಎಂ, ಅಂದರೆ ಹೊಸ ಸೋಂಕಿಗೆ ದೇಹ ಮೊದಲು ತಯಾರಿಸುವ ಪ್ರತಿಕಾಯಗಳ ಪರೀಕ್ಷೆ. ಒಂಬತ್ತನೇ ದಿನದ ಎನ್‌ಎಸ್‌1 ನೆಗೆಟಿವ್ ಬಂದರೆ ಡೆಂಗಿ ಅಲ್ಲ ಎಂದು ಹೇಳಲು ಬರುವುದಿಲ್ಲ. ಪರೀಕ್ಷೆ ಯಾವುದು ಎನ್ನುವಷ್ಟೇ ಮುಖ್ಯ, ಅದನ್ನು ಜ್ವರದ ಎಷ್ಟನೇ ದಿನ ಮಾಡಿದರು ಎನ್ನುವುದು. ನಮ್ಮ ಆಸ್ಪತ್ರೆಗೆ ಬರುವ ಕಡತಗಳಲ್ಲಿ ಇಪ್ಪತ್ತು ರಿಪೋರ್ಟುಗಳಿರುತ್ತವೆ, ಜ್ವರ ಶುರುವಾದ ತಾರೀಖು ಮಾತ್ರ ಎಲ್ಲಿಯೂ ಇರುವುದಿಲ್ಲ. ಅದನ್ನು ಬರೆದಿಡಲು ಯಾವ ಯಂತ್ರವೂ ಬೇಡ.

ಈಗ ನಿಮ್ಮ ತಾಯಿಯ ಜ್ವರಕ್ಕೆ ಬರುತ್ತೇನೆ. ನಿಜವಾದ ಟೈಫಾಯಿಡ್ ಆಗಿದ್ದರೂ ಸೆಫ್ಟ್ರಿಯಾಕ್ಸೋನ್ ಕೊಟ್ಟ ಮೇಲೆ ಜ್ವರ ಇಳಿಯಲು ನಾಲ್ಕೈದು ದಿನ ಹಿಡಿಯುತ್ತದೆ. ಐದು ದಿನ ಕಳೆದೂ ಅದು ಸ್ವಲ್ಪವೂ ಜಗ್ಗಿಲ್ಲ, ಪ್ಲೇಟ್‌ಲೆಟ್ ಇಳಿದಿದೆ, ತಲೆನೋವು ವಿಪರೀತವಾಗಿದೆ, ಸೊಪ್ಪು ತರಲು ಪೊದೆಗಳ ನಡುವೆ ಓಡಾಟವಿದೆ ಎಂದಾಗ ಮೊದಲು ನೆನಪಾಗಬೇಕಾದದ್ದು ಸ್ಕ್ರಬ್ ಟೈಫಸ್. ಹೆಸರಿನಲ್ಲಿ ಹತ್ತಿರವಿದ್ದರೂ ಟೈಫಾಯಿಡ್‌ಗೂ ಇದಕ್ಕೂ ಸಂಬಂಧವಿಲ್ಲ. ಹುಲ್ಲು, ಪೊದೆಗಳಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಮೈಟ್ ಮರಿಗಳು ಕಚ್ಚುವುದರಿಂದ ಬರುತ್ತದೆ. ಇದರ ರೋಗಾಣು ಜೀವಕೋಶಗಳ ಒಳಗೇ ಬದುಕುತ್ತದೆ. ಸೆಫ್ಟ್ರಿಯಾಕ್ಸೋನ್ ಎಷ್ಟು ದಿನ ಕೊಟ್ಟರೂ ಅದಕ್ಕೆ ಏನೂ ಆಗುವುದಿಲ್ಲ.

ಕಳೆದ ಮಳೆಗಾಲದ ಕೊನೆಯಲ್ಲಿ ಇಂಥದ್ದೇ ದಪ್ಪ ಕಡತ ಹಿಡಿದು ಒಬ್ಬ ತಾಯಿ ನಮ್ಮಲ್ಲಿಗೆ ಬಂದಿದ್ದರು. ನರ್ಸ್ ಪರದೆ ಎಳೆದು, ಸೀರೆಯನ್ನು ಸಡಿಲಿಸಿ, ಕಂಕುಳು, ಎದೆಯ ಕೆಳಗೆ, ಹೊಕ್ಕಳು, ತೊಡೆಸಂದು ಎಲ್ಲವನ್ನೂ ಟಾರ್ಚ್ ಹಿಡಿದು ನೋಡಿದರು. ಲಂಗದ ಲಾಡಿ ಬಿಗಿಯುವ ಜಾಗದಲ್ಲಿ, ಸೊಂಟದ ಎಡಬದಿಗೆ, ಬೀಡಿಯ ತುದಿ ತಾಗಿ ಸುಟ್ಟಂಥ ಕಪ್ಪು ಹೊಪ್ಪಳೆ. ಸುತ್ತ ತೆಳುವಾಗಿ ಕೆಂಪು. ಮುಟ್ಟಿದರೆ ನೋವಿಲ್ಲ, ತುರಿಕೆಯೂ ಇಲ್ಲ. "ಲಾಡಿ ಉಜ್ಜಿ ಆದದ್ದು" ಎಂದು ಆಕೆ ಅದನ್ನು ಯಾರಿಗೂ ತೋರಿಸಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಅದೇ ಎಸ್ಕಾರ್, ಮೈಟ್ ಕಚ್ಚಿದ ಗುರುತು. ರಕ್ತವನ್ನು ಪರೀಕ್ಷೆಗೆ ಕಳುಹಿಸಿ ಫಲಿತಾಂಶಕ್ಕೆ ಕಾಯದೆ ಆ ಸಂಜೆಯೇ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಶುರು ಮಾಡಿದೆವು. ಮೂರನೇ ಬೆಳಗ್ಗೆ ಜ್ವರವಿರಲಿಲ್ಲ.

ಈ ಗುರುತು ಎಲ್ಲರಲ್ಲಿಯೂ ಇರುವುದಿಲ್ಲ, ಇಲ್ಲವೆಂದ ಮಾತ್ರಕ್ಕೆ ಅನುಮಾನ ಬಿಡಬಾರದು. ಸಾಮಾನ್ಯವಾಗಿ ಐದಾರು ದಿನಗಳ ನಂತರ ಐಜಿಎಂ ಎಲೈಸಾ ಪರೀಕ್ಷೆಯಲ್ಲಿ ತಿಳಿಯುತ್ತದೆ. ಸಣ್ಣ ಲ್ಯಾಬುಗಳಲ್ಲಿ ಸಿಗುವ ವೈಲ್-ಫೆಲಿಕ್ಸ್ ಎಂಬ ಹಳೆಯ ಪರೀಕ್ಷೆ ಬಹಳಷ್ಟು ರೋಗಿಗಳನ್ನು ಕೈಬಿಡುತ್ತದೆ. ಅನುಮಾನ ಬಲವಾಗಿದ್ದರೆ ವರದಿಗೆ ಕಾಯದೆ ಔಷಧ ಕೊಡಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2015ರ ಮಾರ್ಗಸೂಚಿಯೇ ಹೇಳುತ್ತದೆ. ಗೋರಖ್‌ಪುರದಲ್ಲಿ ವರ್ಷ ವರ್ಷವೂ ಮಿದುಳಿನ ಜ್ವರದಿಂದ ಮಕ್ಕಳು ಸಾಯುತ್ತಿದ್ದಾಗ ಎಲ್ಲರ ಕಣ್ಣು ಸೊಳ್ಳೆಯಿಂದ ಹರಡುವ ಜಪಾನೀಸ್ ಎನ್ಸೆಫಲೈಟಿಸ್ ಮೇಲಿತ್ತು. ಬಹಳ ತಡವಾಗಿ ಹುಡುಕಿದಾಗ, ಪರೀಕ್ಷಿಸಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಲ್ಲಿ ಕಂಡದ್ದು ಸ್ಕ್ರಬ್ ಟೈಫಸ್. ಅಗ್ಗದ ಮಾತ್ರೆಗೆ ಬಗ್ಗುವ ರೋಗ ಅದು. ಇದನ್ನು ನೆನೆದಾಗಲೆಲ್ಲ ಸಂಕಟವಾಗುತ್ತದೆ.

ನಿಮ್ಮ ಊರಿನ ಮಟ್ಟಿಗೆ ಮಂಗನ ಕಾಯಿಲೆಯನ್ನೂ ಮರೆಯುವಂತಿಲ್ಲ. ಡಿಸೆಂಬರ್‌ನಿಂದ ಮೇ ತನಕ ಉಣುಗು ಕಚ್ಚಿದವರಿಗೆ ಜ್ವರ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಕೊಡಿ, ಅವರು ಶಿವಮೊಗ್ಗದ ವೈರಾಣು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಗದ್ದೆಯ ನೀರಿನಲ್ಲಿ ನಿಂತು ಕೆಲಸ ಮಾಡಿದ್ದರೆ, ಮೀನಖಂಡ ಮುಟ್ಟಲಾಗದಷ್ಟು ನೋಯುತ್ತಿದ್ದರೆ ಇಲಿ ಜ್ವರವನ್ನು ನೋಡಬೇಕು. ಬೆಂಗಳೂರಿಗೆ ಹೋಗುವ ಮೊದಲು ಜಿಲ್ಲಾ ಆಸ್ಪತ್ರೆಗೆ ಹೋಗಿ. ಉಸಿರಾಟ ಜೋರಾದರೆ, ಮಾತು ತೊದಲಿದರೆ, ಮೂತ್ರ ಕಡಿಮೆಯಾದರೆ, ಎಲ್ಲಿಂದಲಾದರೂ ರಕ್ತ ಬಂದರೆ ಆ ಗಳಿಗೆಯಲ್ಲೇ ಹೊರಡಿ. ಡಾಕ್ಸಿಸೈಕ್ಲಿನ್ ಹೆಸರು ಓದಿದೆವೆಂದು ಅಂಗಡಿಯಿಂದ ತಂದು ನುಂಗುವುದು ಮಾತ್ರ ಬೇಡ.

ಪ್ರಶ್ನೆ: ನಾನು ಉಪಕೇಂದ್ರದಲ್ಲಿ ಆರೋಗ್ಯ ಕಾರ್ಯಕರ್ತೆ. ನಮ್ಮಲ್ಲಿರುವುದು ಮಲೇರಿಯಾ ಕಿಟ್, ಥರ್ಮಾಮೀಟರ್, ಬಿ.ಪಿ. ಯಂತ್ರ ಮಾತ್ರ. ಮಲೇರಿಯಾ ಇಲ್ಲವೆಂದು ಬಂದ ಮೇಲೆ ಏನು ಮಾಡಬೇಕು?
— ಯಾದಗಿರಿ ಜಿಲ್ಲೆ

ಉತ್ತರ: ನೀವು ಕೇಳಿದ ಪ್ರಶ್ನೆಯನ್ನೇ ಜಗತ್ತಿನ ಅನೇಕ ಬಡ ಊರುಗಳು ಕೇಳುತ್ತಿವೆ. ಟಾಂಜಾನಿಯಾದ ಉತ್ತರ ಭಾಗದ ಮೋಶಿಯಲ್ಲಿ 2007-08ರಲ್ಲಿ ಜ್ವರದಿಂದ ಆಸ್ಪತ್ರೆ ಸೇರಿದ 870 ಮಂದಿಯನ್ನು ಕೂಲಂಕಷವಾಗಿ ಪರೀಕ್ಷಿಸಿದರು. ಅವರಲ್ಲಿ ನೂರಕ್ಕೆ ಅರುವತ್ತು ಜನರಿಗೆ ಮಲೇರಿಯಾ ಎಂದು ವೈದ್ಯರು ಬರೆದಿದ್ದರು. ನಿಜಕ್ಕೂ ಮಲೇರಿಯಾ ಇದ್ದದ್ದು ನೂರಕ್ಕೆ ಎರಡಕ್ಕಿಂತ ಕಡಿಮೆ ಜನರಲ್ಲಿ. ಉಳಿದವರಲ್ಲಿ ಇಲಿ ಜ್ವರ, ಕುರಿ ದನಗಳಿಂದ ಹರಡುವ ಕ್ಯೂ ಜ್ವರ, ಚಿಕೂನ್‌ಗುನ್ಯಾ ಎಲ್ಲವೂ ಸಿಕ್ಕವು. ಹುಡುಕಿದ್ದರಿಂದ ಸಿಕ್ಕವು.

ಆದ್ದರಿಂದ ಕಿಟ್ ನೆಗೆಟಿವ್ ಎಂದಾಗ ನಿಮ್ಮ ಕೆಲಸ ಮುಗಿಯಿತೆಂದು ಭಾವಿಸಬೇಡಿ. ಚೀಟಿಯಲ್ಲಿ ಜ್ವರ ಶುರುವಾದ ದಿನ, ಈಗಾಗಲೇ ನುಂಗಿದ ಮಾತ್ರೆಗಳು, ಕೆಲಸ ಏನು, ಕುರಿ ದನಗಳ ಒಡನಾಟ ಇದೆಯೇ, ಎಲ್ಲಿಗೆ ಹೋಗಿ ಬಂದರು ಎಂದು ಬರೆಯಿರಿ. ಗುಳೆ ಹೋಗಿ ಬಂದವರಿದ್ದರೆ ಯಾವ ಊರು ಎಂಬುದನ್ನು ತಪ್ಪದೆ ಬರೆಯಿರಿ. ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ. ರೋಗಿಯನ್ನು ಮೇಲಿನ ಆಸ್ಪತ್ರೆಗೆ ಕಳುಹಿಸುವಾಗ ಈ ಚೀಟಿಯೂ ಜೊತೆಗೆ ಹೋಗಲಿ. ನಮ್ಮ ಕಡೆ ಕೂತು ಓದುವವರಿಗೆ ಅದು ಅರ್ಧ ರೋಗನಿರ್ಣಯ.

ಒಂದೇ ಕೇರಿಯಲ್ಲಿ ಒಂದೇ ವಾರ ನಾಲ್ಕೈದು ಜ್ವರ ಕಂಡರೆ ಜಿಲ್ಲಾ ಸರ್ವೇಕ್ಷಣಾ ಘಟಕಕ್ಕೆ ಅಂದೇ ತಿಳಿಸಿ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು, ಆ ಕಾಡಿಗೆ ಹೋದವರಿಗೇ ಜ್ವರ ಬರುತ್ತಿತ್ತು. ಎರಡನ್ನೂ ಸೇರಿಸಿ ನೋಡಿದ್ದರಿಂದಲೇ ಅಲ್ಲಿಯವರೆಗೆ ಜಗತ್ತಿಗೆ ಗೊತ್ತಿರದ ಒಂದು ವೈರಾಣು, ಮಂಗನ ಕಾಯಿಲೆಯದು, ಪತ್ತೆಯಾಯಿತು. ಕೇರಿಯಲ್ಲಿ ಏನಾಗುತ್ತಿದೆ ಎನ್ನುವುದು ನನಗಿಂತ ಮೊದಲು ನಿಮಗೆ ಕಾಣುತ್ತದೆ.

ಅತ್ಯಾವಶ್ಯಕ ಪರೀಕ್ಷೆಗಳ ರಾಷ್ಟ್ರೀಯ ಪಟ್ಟಿಯನ್ನು ಭಾರತ 2019ರಲ್ಲೇ ಮಾಡಿದೆ. ಪಟ್ಟಿಯಲ್ಲಿ ಇರುವುದು ನಿಮ್ಮ ಕೇಂದ್ರದಲ್ಲಿ ಇಲ್ಲದಿದ್ದರೆ ವೈದ್ಯಾಧಿಕಾರಿಗೆ ಲಿಖಿತವಾಗಿ ಕೇಳಿ. ಬಾಯಿಮಾತಿನ ಬೇಡಿಕೆಗೆ ಕಡತ ಹುಟ್ಟುವುದಿಲ್ಲ.

ಪ್ರಶ್ನೆ: ನಾವು ಕುರಿ ಸಾಕುವವರು. ನನಗೆ ಎರಡು ತಿಂಗಳಿನಿಂದ ಸಂಜೆ ಜ್ವರ, ರಾತ್ರಿ ಮೈಯೆಲ್ಲ ಬೆವರು, ಸೊಂಟ ನೋವು. ಕ್ಷಯ ಇರಬಹುದು ಎನ್ನುತ್ತಾರೆ. ಕಫ ಪರೀಕ್ಷೆಯಲ್ಲಿ ಏನೂ ಸಿಕ್ಕಿಲ್ಲ.
— ಹಿರಿಯೂರು

ಉತ್ತರ: ಕ್ಷಯದ ಅನುಮಾನ ಸರಿಯಾದದ್ದೇ, ಅದನ್ನು ಪೂರ್ತಿ ಪರೀಕ್ಷಿಸಲಿ. ಜೊತೆಗೆ ನಿಮ್ಮ ಕಸುಬನ್ನು ವೈದ್ಯರಿಗೆ ನೀವೇ ಹೇಳಿ. ಕಂದು ಹಾಕಿದ ಕುರಿಯನ್ನು ಬರಿಗೈಯಲ್ಲಿ ಮುಟ್ಟಿದ್ದರೆ, ಹಸಿ ಹಾಲು ಕುಡಿಯುವ ರೂಢಿಯಿದ್ದರೆ ಕುರಿ ದನಗಳಿಂದ ಮನುಷ್ಯರಿಗೆ ಬರುವ ಬ್ರೂಸೆಲ್ಲೋಸಿಸ್ ಎಂಬ ಸೋಂಕಿನ ಪರೀಕ್ಷೆ ಆಗಲೇಬೇಕು. ರೋಸ್ ಬೆಂಗಾಲ್ ಎಂಬ ಅಗ್ಗದ ಪರೀಕ್ಷೆಯಿಂದ ಆರಂಭಿಸಬಹುದು. ರೋಗ ಖಚಿತವಾದರೆ ಎರಡು ಔಷಧಗಳನ್ನು ಆರು ವಾರ ತೆಗೆದುಕೊಳ್ಳಬೇಕು, ನಡುವೆ ಬಿಟ್ಟರೆ ಮರುಕಳಿಸುತ್ತದೆ. ಅವುಗಳಲ್ಲಿ ಒಂದಾಗಬಹುದಾದ ರಿಫಾಂಪಿಸಿನ್ ಕ್ಷಯದ ಔಷಧವೂ ಹೌದು. ಪರೀಕ್ಷೆ ಮಾಡದೆ ಕ್ಷಯದ ಮಾತ್ರೆ ಶುರು ಮಾಡಿದರೆ ಸ್ವಲ್ಪ ದಿನ ಗುಣವಾದಂತೆ ಕಂಡು ನಿಜವಾದ ರೋಗ ಮರೆಯಾಗಿಬಿಡಬಹುದು. ಮಂದೆಯನ್ನು ಪಶುವೈದ್ಯರಿಗೆ ತೋರಿಸಿ, ಹಾಲನ್ನು ಕುದಿಸದೆ ಮನೆಯ ಮಕ್ಕಳಿಗೆ ಕೊಡಬೇಡಿ.

ಪ್ರಶ್ನೆ: ಹಣೆ ಮುಟ್ಟಿ ನೋಡಿದರೆ ಜ್ವರ ತಿಳಿಯುವುದಿಲ್ಲವೇ?
— ಗದಗ

ಉತ್ತರ: ಇದೆ ಎನ್ನುವುದು ತಿಳಿಯಬಹುದು, ಎಷ್ಟು ಎನ್ನುವುದು ತಿಳಿಯುವುದಿಲ್ಲ. ಡಿಜಿಟಲ್ ಥರ್ಮಾಮೀಟರ್ ಒಂದನ್ನು ಕೊಂಡಿಡಿ. ಬೆಳಗ್ಗೆ ಸಂಜೆ ಅಳೆದು, ಪ್ಯಾರಾಸಿಟಮಾಲ್ ಕೊಟ್ಟ ಹೊತ್ತಿನೊಂದಿಗೆ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿಯೇ ಬರೆಯಿರಿ. ಆಸ್ಪತ್ರೆಗೆ ಬರುವಾಗ ಆ ಹಾಳೆಯನ್ನು ಹರಿದು ತಂದರೂ ನಡೆಯುತ್ತದೆ.