ಚಹಾಕ್ಕೂ ಮೊದಲು ಓಡಾಡಿದ ಪತ್ರಗಳು

ಪ್ರಶ್ನೆ: ಬಾಸ್ಟನ್ ಬಂದರಿನಲ್ಲಿ ಚಹಾ ಪೆಟ್ಟಿಗೆಗಳನ್ನು ನೀರಿಗೆಸೆದ ಘಟನೆಯಿಂದ ಅಮೆರಿಕದ ಸ್ವಾತಂತ್ರ್ಯ ಹೋರಾಟ ಬಲಗೊಂಡಿತೆಂದು ಮಕ್ಕಳಿಗೆ ಪಾಠ ಮಾಡುತ್ತೇನೆ. ಒಂದು ರಾತ್ರಿಯ ಕೃತ್ಯದಿಂದ ದೂರ ದೂರದ ವಸಾಹತುಗಳು ಒಂದಾಗಲು ಸಾಧ್ಯವೆ?
– ಶಿಕ್ಷಕಿ, ಸಾಗರ

ಉತ್ತರ: ತಮ್ಮ ಸಂದೇಹ ಸರಿಯಾಗಿದೆ. 1773ರ ಡಿಸೆಂಬರ್ 16ರ ರಾತ್ರಿ ಮೂರು ಹಡಗುಗಳಲ್ಲಿದ್ದ ಮುನ್ನೂರಕ್ಕೂ ಹೆಚ್ಚು ಪೆಟ್ಟಿಗೆ ಚಹಾ ಸಮುದ್ರದ ಪಾಲಾದಾಗ, ಅದರ ಸುದ್ದಿಯನ್ನು ಹೊತ್ತೊಯ್ಯಬಲ್ಲ, ಮುಂದೇನು ಮಾಡಬೇಕೆಂದು ಕೂತು ಚರ್ಚಿಸಬಲ್ಲ ವ್ಯವಸ್ಥೆಯೊಂದು ಆಗಲೇ ಸಿದ್ಧವಾಗಿತ್ತು. ನನ್ನ ಮಟ್ಟಿಗೆ ಈ ಕಥೆಯ ತಿರುಳು ಆ ವ್ಯವಸ್ಥೆಯಲ್ಲಿದೆ.

1772ರಲ್ಲಿ, ಬಾಸ್ಟನ್ ನಗರವಿದ್ದ ಮ್ಯಾಸಚೂಸೆಟ್ಸ್ ವಸಾಹತಿನ ಮೇಲಿನ ನ್ಯಾಯಾಲಯದ ನ್ಯಾಯಾಧೀಶರಿಗೆ ಇನ್ನು ಮುಂದೆ ಜನಪ್ರತಿನಿಧಿಗಳ ಸಭೆಯ ಬದಲು ರಾಜನ ಬೊಕ್ಕಸದಿಂದಲೇ ಸಂಬಳ ಸಲ್ಲುತ್ತದೆಂಬ ಸುದ್ದಿ ಬಂತು. ಸಂಬಳ ಯಾರು ಕೊಟ್ಟರೇನು ಎನ್ನಿಸಬಹುದು. ಆದರೆ ನ್ಯಾಯಾಧೀಶರು ಯಾರ ಉಪ್ಪು ಉಣ್ಣುತ್ತಾರೋ ಅವರ ಕಡೆಗೇ ತಕ್ಕಡಿ ವಾಲೀತು ಎಂಬ ಆತಂಕ ಬಾಸ್ಟನ್ನಿನ ಜನರದಾಗಿತ್ತು. ನವೆಂಬರ್ 2ರಂದು ಸೇರಿದ ಊರಸಭೆ, ಅಲ್ಲಿನ ಮುಖಂಡ ಸ್ಯಾಮ್ಯುಯೆಲ್ ಆಡಮ್ಸ್ ಅವರ ಸಲಹೆಯಂತೆ, 21 ಜನರ ಪತ್ರವ್ಯವಹಾರ ಸಮಿತಿಯೊಂದನ್ನು ನೇಮಿಸಿತು. ಆ ಸಮಿತಿ ಸಿದ್ಧಪಡಿಸಿದ ಪುಸ್ತಿಕೆಯಲ್ಲಿ ಮೊದಲು ಜೀವ, ಸ್ವಾತಂತ್ರ್ಯ ಮತ್ತು ಆಸ್ತಿಯ ಹಕ್ಕುಗಳ ವಿವರಣೆ, ಬಳಿಕ ಅವುಗಳಿಗೆ ಒದಗಿದ ಧಕ್ಕೆಗಳ ಪಟ್ಟಿ, ಕೊನೆಗೆ ಇತರ ಊರುಗಳಿಗೆ ಒಂದು ಓಲೆ ಇತ್ತು. ನಿಮ್ಮೂರಿನವರ ಅಭಿಪ್ರಾಯವನ್ನು ತಿಳಿಸಿ ಎಂಬುದೇ ಆ ಓಲೆಯ ಕೋರಿಕೆ. 600 ಪ್ರತಿಗಳು ಅಚ್ಚಾಗಿ ಹೊರಟವು. ನೂರಕ್ಕೂ ಹೆಚ್ಚು ಊರುಗಳಿಂದ ಮಾರುತ್ತರ ಬಂತು. ಆಜ್ಞೆ ಹೊರಡಿಸದೆ ಅಭಿಪ್ರಾಯ ಕೇಳಿದ್ದರಿಂದಲೇ ಹಳ್ಳಿಯ ರೈತನೂ ಊರಸಭೆಯಲ್ಲಿ ಎದ್ದು ನಿಂತು, ಇದು ತನ್ನ ಪ್ರಶ್ನೆಯೂ ಹೌದೆಂದು ಯೋಚಿಸುವಂತಾಯಿತು. ಮರುವರ್ಷ ಮಾರ್ಚ್‌ನಲ್ಲಿ ವರ್ಜೀನಿಯಾದ ಶಾಸನಸಭೆ ವಸಾಹತುಗಳ ನಡುವೆಯೇ ಇಂಥ ಪತ್ರವ್ಯವಹಾರವನ್ನು ಆರಂಭಿಸಿತು.

ಚಹಾದ ವಿಷಯದಲ್ಲಿ ನಮ್ಮ ನೆಲಕ್ಕೂ ಒಂದು ನಂಟಿದೆ. ಹೈದರ್ ಅಲಿಯೊಂದಿಗಿನ 1767–69ರ ಯುದ್ಧ, ಅದರ ಬೆನ್ನಿಗೇ ಬಂದ ಬಂಗಾಳದ ಕ್ಷಾಮ ಇವೆಲ್ಲ ಸೇರಿ ಈಸ್ಟ್ ಇಂಡಿಯಾ ಕಂಪನಿಯ ಹಣಕಾಸು ಹದಗೆಟ್ಟಿತ್ತು. ಲಂಡನ್ನಿನ ಗೋದಾಮುಗಳಲ್ಲಿ ಮಾರಾಟವಾಗದೆ ಬಿದ್ದಿದ್ದ ಅದರ ಚೀನಾ ಚಹಾಕ್ಕೆ ಅಮೆರಿಕದಲ್ಲಿ ದಾರಿ ಮಾಡಿಕೊಡಲೆಂದೇ 1773ರ ಚಹಾ ಕಾಯಿದೆ ಬಂತು.

ಚಹಾ ನಾಶಕ್ಕೆ ಪ್ರತೀಕಾರವಾಗಿ ಬ್ರಿಟನ್ 1774ರ ಜೂನ್ 1ರಿಂದ ಬಾಸ್ಟನ್ ಬಂದರನ್ನು ಮುಚ್ಚಿತು, ಮತ್ತೊಂದು ಕಾಯಿದೆಯಿಂದ ಊರಸಭೆಗಳಿಗೇ ಕಡಿವಾಣ ಹಾಕಿತು. ಆಗ ವೂಸ್ಟರ್ ಎಂಬ ಪಟ್ಟಣದಲ್ಲಿ ನಡೆದದ್ದನ್ನು ತಾವು ಮಕ್ಕಳಿಗೆ ಅವಶ್ಯವಾಗಿ ಹೇಳಬೇಕು. ಸೆಪ್ಟೆಂಬರ್ 6ರಂದು 37 ಊರುಗಳಿಂದ ಬಂದ 4,622 ಜನ ಅಲ್ಲಿನ ನ್ಯಾಯಾಲಯ ಕಲಾಪ ನಡೆಸದಂತೆ ತಡೆದು, ಮುಖ್ಯ ಬೀದಿಯ ಎರಡೂ ಬದಿಗೆ ಸಾಲಾಗಿ ನಿಂತರು. ಗವರ್ನರ್ ಕಡೆಯ ನ್ಯಾಯಾಧೀಶರು ಟೋಪಿಯನ್ನು ಕೈಯಲ್ಲಿ ಹಿಡಿದು, ಹೊಸ ಕಾಯಿದೆಯಡಿ ಅಧಿಕಾರ ಚಲಾಯಿಸುವುದಿಲ್ಲವೆಂಬ ಹೇಳಿಕೆಯನ್ನು ಸಾಲಿನಲ್ಲಿದ್ದ ಪ್ರತಿಯೊಬ್ಬರಿಗೂ ಕೇಳಿಸುವಂತೆ ಮೂವತ್ತಕ್ಕೂ ಹೆಚ್ಚು ಸಲ ಓದುತ್ತಾ ಆ ಬೀದಿಯುದ್ದಕ್ಕೂ ನಡೆದರು. ಒಂದು ಗುಂಡೂ ಹಾರಲಿಲ್ಲ.

ಪ್ರಶ್ನೆ: ಸ್ವಂತ ಸರ್ಕಾರವೇ ಇಲ್ಲದ ಜನ ಬ್ರಿಟಿಷ್ ಸರಕಿನ ಬಹಿಷ್ಕಾರವನ್ನು ಜಾರಿಗೆ ತಂದದ್ದು ಹೇಗೆ?
– ವರ್ತಕರು, ಹುಬ್ಬಳ್ಳಿ

ಉತ್ತರ: 1774ರ ಸೆಪ್ಟೆಂಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ, ಜಾರ್ಜಿಯಾ ಬಿಟ್ಟು ಉಳಿದ 12 ವಸಾಹತುಗಳ ಪ್ರತಿನಿಧಿಗಳು ಸೇರಿದರು. ಅಕ್ಟೋಬರ್ 20ರಂದು ಅವರು ಒಪ್ಪಿದ ಕರಾರಿನ ಪ್ರಕಾರ ಪ್ರತಿ ಜಿಲ್ಲೆ, ನಗರ, ಪಟ್ಟಣದಲ್ಲೂ ಮತದಾರರೇ ಸಮಿತಿಯನ್ನು ಆರಿಸಬೇಕಿತ್ತು. ಕರಾರು ಮುರಿದವರ ಹೆಸರನ್ನು ಸಮಿತಿ ಪತ್ರಿಕೆಯಲ್ಲಿ ಪ್ರಕಟಿಸುತ್ತಿತ್ತು, ಉಳಿದವರು ಅಂಥವರೊಂದಿಗೆ ವ್ಯವಹಾರವನ್ನೇ ನಿಲ್ಲಿಸಬೇಕಿತ್ತು. ತಾವು ವರ್ತಕರಾದ್ದರಿಂದ ಒಂದು ಅಂಶ ಹೇಳುತ್ತೇನೆ. ಆಮದು ನಿಷೇಧ ಡಿಸೆಂಬರ್ 1ಕ್ಕೆ ಆರಂಭವಾಗಲಿತ್ತು. ಆದರೆ ಅಷ್ಟರಲ್ಲಿ ಹಡಗು ಹತ್ತಿದ್ದ ಮಾಲಿನ ಗತಿಯೇನು? ಫೆಬ್ರವರಿ 1ರೊಳಗೆ ಬಂದಿಳಿದ ಸರಕನ್ನು ಮಾಲೀಕ ವಾಪಸು ಕಳುಹಿಸಬಹುದಿತ್ತು, ಸಮಿತಿಯ ಬಳಿ ಇಡಬಹುದಿತ್ತು, ಅಥವಾ ಸಮಿತಿಯ ಮೂಲಕ ಮಾರಿಸಿ ತನ್ನ ಅಸಲು ಪಡೆಯಬಹುದಿತ್ತು. ಲಾಭ ಮಾತ್ರ ಬಂದರು ಮುಚ್ಚಿ ಕಂಗಾಲಾಗಿದ್ದ ಬಾಸ್ಟನ್ನಿನ ಬಡವರಿಗೆ ಸೇರುತ್ತಿತ್ತು. ವ್ಯಾಪಾರಿಯನ್ನು ದಿವಾಳಿಯೆಬ್ಬಿಸದೆ ಹೋರಾಟದೊಳಕ್ಕೆ ಕರೆದುಕೊಂಡ ಈ ವಿವೇಕವನ್ನು ಮೆಚ್ಚದಿರಲು ಸಾಧ್ಯವಿಲ್ಲ. ಕರಾರು ಸಾವಿನ ಮನೆಯನ್ನೂ ಬಿಡಲಿಲ್ಲ: ಗಂಡಸರು ತೋಳಿಗೋ ಟೋಪಿಗೋ ಒಂದು ಕಪ್ಪುಪಟ್ಟಿ, ಹೆಂಗಸರು ಕಪ್ಪು ರಿಬ್ಬನ್ನು ಮತ್ತು ಕಂಠಿಯನ್ನಷ್ಟೇ ಧರಿಸಬೇಕು, ಶವಸಂಸ್ಕಾರಕ್ಕೆ ಬಂದವರಿಗೆ ಕೈಗವಸು ಹಂಚುವುದನ್ನು ನಿಲ್ಲಿಸಬೇಕು ಎಂದಿತ್ತು.

ಪ್ರಶ್ನೆ: ಆ ಹಕ್ಕುಗಳು ಕರಿಯ ಗುಲಾಮರಿಗೂ ಅನ್ವಯಿಸಿದವೆ?
– ವಿದ್ಯಾರ್ಥಿ, ಕಲಬುರಗಿ

ಉತ್ತರ: ಇಲ್ಲ. ಹಕ್ಕಿನ ಬಗ್ಗೆ ಬರೆದವರಲ್ಲಿ ಅನೇಕರು ಸ್ವತಃ ಗುಲಾಮರನ್ನು ಇಟ್ಟುಕೊಂಡಿದ್ದರು, ಮತ್ತು ಈ ಅನ್ಯಾಯವನ್ನು ಎಷ್ಟು ಹೇಳಿದರೂ ಕಡಿಮೆಯೇ. ಆದರೆ ಗುಲಾಮರು ಸುಮ್ಮನಿರಲಿಲ್ಲ. ಬಾಸ್ಟನ್ ಸಮಿತಿಯ ಪುಸ್ತಿಕೆ ಊರೂರು ತಲುಪಿದ ಕೆಲವೇ ತಿಂಗಳಲ್ಲಿ, 1773ರ ಏಪ್ರಿಲ್ 20ರಂದು, ಪೀಟರ್ ಬೆಸ್ಟೆಸ್, ಫೀಲಿಕ್ಸ್ ಹೋಲ್‌ಬ್ರೂಕ್ ಮತ್ತು ಇನ್ನಿಬ್ಬರು ಮ್ಯಾಸಚೂಸೆಟ್ಸ್‌ನ ಊರುಗಳ ಪ್ರತಿನಿಧಿಗಳಿಗೆ ಪತ್ರ ಬರೆದರು. ತಮ್ಮನ್ನು ದಾಸ್ಯಕ್ಕೆ ತಳ್ಳುವ ಹುನ್ನಾರದ ವಿರುದ್ಧ ನಿಂತ ನಿಮ್ಮಂಥವರಿಂದ ನಾವು ದೊಡ್ಡದನ್ನೇ ನಿರೀಕ್ಷಿಸುತ್ತೇವೆ ಎಂಬುದು ಅದರ ಭಾವ. ವಾರದಲ್ಲಿ ಒಂದು ದಿನವಾದರೂ ತಮಗಾಗಿ ದುಡಿದು ಬಿಡುಗಡೆಗೆ ಹಣ ಕೂಡಿಸಲು ಅವಕಾಶ ಕೊಡಿ ಎಂಬುದು ಅದು ಉದಾಹರಿಸಿದ ಪರಿಹಾರ. ಪ್ರಾಂತ್ಯದ ಗುಲಾಮ ಬಂಧುಗಳ ಪರವಾಗಿ, ಅವರ ಸಮಿತಿಯ ಆದೇಶದ ಮೇರೆಗೆ ಎಂದು ಹೇಳಿ ನಾಲ್ವರೂ ಸಹಿ ಮಾಡಿದ್ದರು. ಗುಲಾಮಗಿರಿ ತಮ್ಮ ಸಂವಿಧಾನಕ್ಕೆ ಹೊಂದುವುದಿಲ್ಲವೆಂದು ಅಲ್ಲಿನ ಮುಖ್ಯ ನ್ಯಾಯಾಧೀಶರು ಹೇಳಿದ್ದು 1783ರಲ್ಲಿ.