8 ಕೋರ್ ಇದ್ರೂ ಪ್ರೋಗ್ರಾಂ ಯಾಕೆ ನಿಧಾನ?

ಪ್ರಶ್ನೆ: ಸರ್, ನನ್ ಲ್ಯಾಪ್‌ಟಾಪ್‌ನಲ್ಲಿ 8 ಕೋರ್ (ಪ್ರೊಸೆಸರ್ ಒಳಗೆ ಲೆಕ್ಕ ಮಾಡೋ ಘಟಕ) ಇದೆ, ಪೈಥಾನ್‌ನಲ್ಲಿ ಬರೆದ ಲೆಕ್ಕದ ಪ್ರೋಗ್ರಾಂಗೆ 8 ಥ್ರೆಡ್ (ಒಂದೇ ಪ್ರೋಗ್ರಾಂ ಒಳಗೆ ಜೊತೆಜೊತೆಗೆ ನಡೆಯೋ ಕೆಲಸದ ಎಳೆ) ಹಾಕಿದ್ರೂ ಸ್ಪೀಡ್ ಆಗ್ತಿಲ್ವಲ್ಲ?

ಉತ್ತರ: ಮೊದಲೆಲ್ಲ ಹೊಸ ಪ್ರೊಸೆಸರ್ ಬಂದ್ರೆ ಹಳೇ ಪ್ರೋಗ್ರಾಂ ತಾನಾಗೇ ಜೋರಾಗಿ ಓಡ್ತಿತ್ತು, ಆದ್ರೆ 2004ರ ಹೊತ್ತಿಗೆ ಕ್ಲಾಕ್ ಸ್ಪೀಡ್ (ಪ್ರೊಸೆಸರ್ ಓಡೋ ವೇಗ) 4 ಗಿಗಾಹರ್ಟ್ಸ್ ಹತ್ರ ಬಂದು ಬಿಸಿ ತಡೆಯೋಕಾಗ್ದೆ ನಿಂತೋಯ್ತು, 2005ರಲ್ಲಿ ಇಂಟೆಲ್, ಎಎಂಡಿ ಎರಡೂ ಡೆಸ್ಕ್‌ಟಾಪ್‌ಗೆ ಡ್ಯುಯಲ್ ಕೋರ್ ತಂದ್ವು. ಅಲ್ಲಿಂದ ಕೆಲಸ ಹಂಚೋ ಹೊಣೆ ಪ್ರೋಗ್ರಾಮರ್ ತಲೆಗೇ ಬಂತು.

ನಿಮಗೆ ಅಡ್ಡ ಬರ್ತಿರೋದು ಪೈಥಾನ್‌ನ ಜಿಐಎಲ್ (ಗ್ಲೋಬಲ್ ಇಂಟರ್‌ಪ್ರಿಟರ್ ಲಾಕ್) ಅನ್ನೋ ಬೀಗ, ಅದು ಒಂದ್ಸಲಕ್ಕೆ ಒಂದೇ ಥ್ರೆಡ್‌ಗೆ ಪೈಥಾನ್ ಕೋಡ್ ಓಡ್ಸೋಕೆ ಬಿಡುತ್ತೆ, ಮಿಕ್ಕ 7 ಕಾಯ್ತಾ ಕೂತಿರ್ತವೆ. ಥ್ರೆಡ್ ಬದಲು ಮಲ್ಟಿಪ್ರೊಸೆಸಿಂಗ್ (ಕೆಲಸಾನ ಬೇರೆ ಬೇರೆ ಪ್ರೊಸೆಸ್‌ಗೆ, ಅಂದ್ರೆ ಪ್ರತ್ಯೇಕವಾಗಿ ಓಡೋ ಪ್ರೋಗ್ರಾಂಗಳಿಗೆ ಹಂಚೋದು) ಬಳಸಿ ನೋಡಿ, ಅಲ್ಲಿ ಪ್ರತಿ ಪ್ರೊಸೆಸ್‌ಗೂ ಅದರದ್ದೇ ಬೀಗ ಇರುತ್ತೆ. ಹಾಗಂತ ಪೂರ್ತಿ 8 ಪಟ್ಟು ಸ್ಪೀಡ್ ನಿರೀಕ್ಷೆ ಮಾಡ್ಬೇಡಿ, ಕೆಲಸದಲ್ಲಿ ಶೇ. 10 ಭಾಗ ಹಂಚೋಕಾಗ್ದಿದ್ರೂ ಸಾಕು, ಸಿಗೋದು ಹೆಚ್ಚಂದ್ರೆ 4.7 ಪಟ್ಟು.